ಬೆಂಗಳೂರು ಕೋಟೆಗೆ ಒಂದು ಹದ್ದುಬಸ್ತು ಅರ್ಜಿ

ಇವರಿಗೆ,
ಕೋಟೆ ಬಾಗಿಲು ಕಾಯುವ ಪುರಾತತ್ವದವರಿಗೆ, ರಸ್ತೆ ಅಗೆಯುವ ಪಾಲಿಕೆಯವರಿಗೆ, ಸುರಂಗ ಕೊರೆದ ಮೆಟ್ರೊದವರಿಗೆ, ಭೂದಾಖಲೆ ಇಟ್ಟುಕೊಂಡಿರುವ ನನ್ನ ಹಳೆಯ ಇಲಾಖೆಯವರಿಗೆ, ಹಾಗೂ ದಿನಾ ಮಾರ್ಕೆಟ್ಟಿಗೆ ಬಂದುಹೋಗುವ ಬೆಂಗಳೂರಿನವರಿಗೆಲ್ಲ.

ವಿಷಯ: ಕಾಣೆಯಾಗಿರುವ ಕೋಟೆಗೂ ಅದರ ಅಗಳಿಗೂ ಹದ್ದುಬಸ್ತು ಮಾಡಿಕೊಡುವ ಬಗ್ಗೆ.
ಉಲ್ಲೇಖ: ಯಾವುದೂ ಇಲ್ಲ. ಅದೇ ತಕರಾರು.

ಮಾನ್ಯರೇ,

ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷ ಸರಪಳಿ ಎಳೆದು ನಿವೃತ್ತನಾದವನು ನಾನು. ಅಣ್ಣತಮ್ಮಂದಿರ ನಡುವಿನ ಬದು, ಕೆರೆಯಂಗಳಕ್ಕೆ ನುಗ್ಗಿದ ಬೇಲಿ, ಗೋಮಾಳ ಎಲ್ಲಿ ಮುಗಿದು ಸ್ಮಶಾನ ಎಲ್ಲಿ ಶುರುವಾಗುತ್ತದೆ ಎಂಬ ಜಗಳ, ಇವೇ ನನಗೆ ಅನ್ನ ಹಾಕಿದವು. ಜಮೀನಿನ ಗಡಿ ಅಳಿಸಿಹೋದರೆ ಹಿಡುವಳಿದಾರ ಅರ್ಜಿ ಕೊಡುತ್ತಾನೆ. ನಾವು ನಕ್ಷೆ, ಟಿಪ್ಪಣಿ ಹಿಡಿದು ಹೋಗಿ, ಅಕ್ಕಪಕ್ಕದವರಿಗೆ ನೋಟಿಸು ಕೊಟ್ಟು, ಅಳೆದು, ಎಲ್ಲರ ಎದುರಿಗೆ ಕಲ್ಲು ನೆಟ್ಟು ಬರುತ್ತೇವೆ. ಹದ್ದುಬಸ್ತು ಎಂದರೆ ಅಷ್ಟೆ. ಈ ಅರ್ಜಿಯೂ ಅಂಥದ್ದೇ. ಆದರೆ ಜಮೀನು ನನ್ನದಲ್ಲ, ಗಡಿ ಅಳಿಸಿ ನೂರು ವರ್ಷದ ಮೇಲಾಗಿದೆ, ಒತ್ತುವರಿ ಮಾಡಿದವರ ಮೇಲೆ ನನಗೆ ಸಿಟ್ಟೂ ಇಲ್ಲ. ಹೆರಿಗೆ ಆಸ್ಪತ್ರೆ ಕಟ್ಟಿದವರ ಮೇಲೆ ಸಿಟ್ಟಾಗುವುದು ಹೇಗೆ?

ನನಗೆ ಇದು ತಲೆಗೆ ಹತ್ತಿದ್ದೇ ಆ ಆಸ್ಪತ್ರೆಯ ಅಂಗಳದಲ್ಲಿ. ಮೊಮ್ಮಗಳು ಹುಟ್ಟಿದ ರಾತ್ರಿ ಹೊರಗೆ ಕಟ್ಟೆಯ ಮೇಲೆ ಕೂತಿದ್ದೆ. ಕೋಲಾರದ ಕಡೆಯ ಒಬ್ಬ ಯಜಮಾನರು ಬಂದು, "ಕೋಟೆ ಅಂತಾರಲ್ಲ ಸ್ವಾಮಿ, ಅದು ಎಲ್ಲಿ ಬರ್ತದೆ? ನಮ್ಮ ಹುಡುಗ ಅಲ್ಲಿ ನಿಂತಿರ್ತೀನಿ ಅಂದವನೆ" ಎಂದರು. "ನೀವು ನಿಂತಿರೋದೇ ಕೋಟೆ ಒಳಗೆ" ಎಂದೆ. ಅವರು ಕಾಲ ಕೆಳಗಿನ ಸಿಮೆಂಟು ನೋಡಿದರು, ನನ್ನ ಮುಖ ನೋಡಿದರು, ಬೇರೆಯವರನ್ನು ಕೇಳಲು ಹೋದರು. ತಪ್ಪು ಅವರದಲ್ಲ. ನನ್ನ ಮಾತನ್ನು ನಿಜವೆಂದು ತೋರಿಸುವ ಒಂದು ಕಲ್ಲಾದರೂ ಆ ಅಂಗಳದಲ್ಲಿ ಇರಬೇಕಿತ್ತು.

ಅಳೆಯುವುದಕ್ಕೆ ಮುಂಚೆ ಒಂದು ಗೋಜಲು ಬಿಡಿಸಬೇಕು. ಬೆಂಗಳೂರಿಗೆ ಇದ್ದದ್ದು ಒಂದು ಕೋಟೆಯಲ್ಲ, ಎರಡು. ಒಂದು ಪೇಟೆಯ ಸುತ್ತಿನದು. 1537ರಲ್ಲಿ ಯಲಹಂಕ ನಾಡಪ್ರಭು ಕೆಂಪೇಗೌಡರು ಊರು ಕಟ್ಟಿಸಿದಾಗ, ದೊಡ್ಡಪೇಟೆ ಚಿಕ್ಕಪೇಟೆ ಕೂಡುವಲ್ಲಿಂದ ನಾಲ್ಕು ದಿಕ್ಕಿಗೆ ನಾಲ್ಕು ನೇಗಿಲು ಹೂಡಿಸಿ, ಉತ್ತ ಸಾಲಿನಂತೆ ಬೀದಿ ಬಿಡಿಸಿದರು ಎಂಬುದು ಎಲ್ಲರೂ ಕೇಳಿದ ಕತೆ. ಕತೆಯೋ ನಿಜವೋ, ಸರಪಳಿಗಿಂತ ಮುಂಚಿನ ಸರ್ವೆ ಸಾಧನ ನೇಗಿಲು ಎಂಬ ಹೆಮ್ಮೆ ನನಗೆ. ಆ ಪೇಟೆಯ ಸುತ್ತ ಮಣ್ಣಿನ ಗೋಡೆ, ಗೋಡೆಯಾಚೆ ಅಗಳು, ಅಗಳಿನಾಚೆ ಮನುಷ್ಯ ನುಸುಳಲಾಗದಂಥ ಮುಳ್ಳಿನ ಮೆಳೆ. ಹಲಸೂರು, ಯಲಹಂಕ, ಸೊಂಡೆಕೊಪ್ಪ, ಆನೇಕಲ್ಲು ಎಂದು ದಾರಿ ಹೋಗುವ ಊರಿನ ಹೆಸರನ್ನೇ ಹೊತ್ತ ಹೆಬ್ಬಾಗಿಲುಗಳು. ಇದರಲ್ಲಿ ಒಂದು ಹಿಡಿ ಮಣ್ಣೂ ಉಳಿದಿಲ್ಲ. ಹಲಸೂರು ಗೇಟ್ ಎಂಬ ಪೊಲೀಸ್ ಠಾಣೆ ಇದೆ, ಗೇಟು ಇಲ್ಲ.

(ಅಗಳು ಎಂದರೆ ಅನ್ನದ ಅಗಳಲ್ಲ. ಅಗೆದು ಮಾಡಿದ್ದು ಅಗಳು, ಕಂದಕಕ್ಕೆ ಹಿಂದಿನವರ ಮಾತು. ಅಳಿಯನಿಗೆ ಈ ಪತ್ರ ಓದಿ ಹೇಳಿದಾಗ ಊಟದ ವಿಷಯ ಎಂದುಕೊಂಡಿದ್ದ.)

ಎರಡನೆಯದು ಪೇಟೆಯ ದಕ್ಷಿಣಕ್ಕೆ, ಮೊಟ್ಟೆಯಾಕಾರದಲ್ಲಿ ಇದ್ದ ಕೋಟೆ. ಕೋಟೆ ವೆಂಕಟರಮಣ, ಕೋಟೆ ಆಂಜನೇಯ, ಕೋಟೆ ಜಲಕಂಠೇಶ್ವರ, ಕೋಟೆ ಹೈಸ್ಕೂಲು ಎನ್ನುವಾಗ ನಮ್ಮ ಬಾಯಲ್ಲಿ ಬರುವುದು ಈ ಕೋಟೆ. ನನ್ನ ಅರ್ಜಿಯೂ ಇದರದೇ. ಅರ್ಜಿ ನಮೂನೆಯಲ್ಲಿ ಚಕ್ಕುಬಂದಿ ಕೇಳುತ್ತಾರಾದ್ದರಿಂದ ಬರೆಯುತ್ತೇನೆ: ಉತ್ತರಕ್ಕೆ ಸಿಟಿ ಮಾರ್ಕೆಟ್ಟು, ಅಂದರೆ ಹಿಂದಿನ ಸಿದ್ದಿಕಟ್ಟೆ, ಪೂರ್ವಕ್ಕೆ ಕಲಾಸಿಪಾಳ್ಯ, ದಕ್ಷಿಣಕ್ಕೆ ವಿಶ್ವೇಶ್ವರಪುರದ ಕಡೆಯ ರಸ್ತೆ, ಪಶ್ಚಿಮಕ್ಕೆ 1892ರಲ್ಲಿ ಎದ್ದ ಚಾಮರಾಜಪೇಟೆ. ನಡುವೆ ಕೃಷ್ಣರಾಜೇಂದ್ರ ರಸ್ತೆ. ಡೆಲ್ಲಿ ಬಾಗಿಲು ಮತ್ತು ಅದರ ಜೊತೆಗೆ ಎರಡು ಕೊತ್ತಲಗಳ ಭಾಗ ಈ ರಸ್ತೆಯ ಮಗ್ಗುಲಲ್ಲಿ ನಿಂತಿವೆ. ಮಿಕ್ಕದ್ದೆಲ್ಲ ನೆಲಸಮ.

ಇನ್ನು ಖಾತೆ ಬದಲಾದ ವಿವರ. ಇಷ್ಟು ಕೈ ಬದಲಾದ ಜಮೀನನ್ನು ನನ್ನ ಸರ್ವೀಸಿನಲ್ಲಿ ನಾನು ನೋಡಿಲ್ಲ. 1638ರಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಬೆಂಗಳೂರನ್ನು ಕೆಂಪೇಗೌಡರ ವಂಶದಿಂದ ಕಿತ್ತುಕೊಂಡ. ಊರು ಶಹಾಜಿ ಭೋಂಸಲೆಗೆ ಜಹಗೀರಾಯಿತು. 1687ರಲ್ಲಿ ಮೊಗಲರ ಖಾಸಿಂ ಖಾನ್ ಹಿಡಿದ, ಹಿಡಿದವನೇ ಮೂರು ಲಕ್ಷ ರೂಪಾಯಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಮಾರಿದ. ದಕ್ಷಿಣದ ಮೊಟ್ಟೆಕೋಟೆಗೆ ರೂಪ ಬಂದದ್ದು ಈ ಒಡೆಯರಿಂದ ಎಂದು ಹೇಳುವವರೇ ಹೆಚ್ಚು. ಕೋಟೆಯೊಳಗಿನ ವೆಂಕಟರಮಣನ ಗುಡಿಯಂತೂ ಅವರದೇ. 1750ರ ದಶಕದ ಕೊನೆಗೆ ಊರು ಹೈದರಾಲಿಗೆ ಜಹಗೀರಾಗಿ ಸಿಕ್ಕಿತು, 1761ರಲ್ಲಿ ಆತ ಮಣ್ಣುಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸಿದ. 1781ರಲ್ಲಿ ಅವನು ಶುರುಮಾಡಿಸಿದ ಮರದ ಅರಮನೆಯನ್ನು ಟಿಪ್ಪು 1791ರಲ್ಲಿ ಮುಗಿಸಿದ. ಅದೇ ವರ್ಷ ಕೋಟೆ ಇಂಗ್ಲಿಷರ ಪಾಲಾಯಿತು, ಮರುವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿಗೆ ವಾಪಸು ಬಂತು. 1799ರ ನಂತರ ಮತ್ತೆ ಒಡೆಯರ ರಾಜ್ಯ, ದಿವಾನ್ ಪೂರ್ಣಯ್ಯ.

ಇಷ್ಟೂ ಜನ ಆಸೆಪಟ್ಟ ಕೋಟೆ ಹೇಗಿತ್ತು? ಹೊರಗಿನಿಂದ ಒಳಗೆ ನಡೆಯೋಣ, ಬನ್ನಿ. ಮುತ್ತಿಗೆಯ ಕಾಲದ ಇಂಗ್ಲಿಷರ ಬರಹಗಳಲ್ಲಿ ಇದರ ವಿವರ ಚೆನ್ನಾಗಿ ಸಿಗುತ್ತದೆ; ಶತ್ರುವಿನಷ್ಟು ಜಾಗ್ರತೆಯಾಗಿ ಕೋಟೆಯನ್ನು ನೋಡುವವರು ಬೇರೆ ಯಾರಿದ್ದಾರೆ?

ಪೇಟೆಗೂ ಕೋಟೆಗೂ ನಡುವೆ ಬಯಲು. ಬಯಲು ದಾಟಿದರೆ ಅಗಳಿನ ಹೊರದಂಡೆ. ಅದರ ಉದ್ದಕ್ಕೂ ಕಾವಲಿನವರು ತಲೆ ಕಾಣದಂತೆ ಓಡಾಡಲು ಮರೆದಾರಿ. ಆಮೇಲೆ ಅಗಳು. ಅಗಳು ಎಂದರೆ ನೀರು, ನೀರೆಂದರೆ ಮೊಸಳೆ ಎಂದು ಮಕ್ಕಳ ಕತೆಗಳು ನಮಗೆ ಕಲಿಸಿವೆ. ಮೊಸಳೆ ಇರಲಿ, ನೀರೂ ಕಡ್ಡಾಯವಲ್ಲ. ಅಗಳಿನ ಕೆಲಸ ಆಳದಲ್ಲಿದೆ. ಇಪ್ಪತ್ತು ಅಡಿಯ ಗೋಡೆಯ ಮುಂದೆ ಇಪ್ಪತ್ತು ಅಡಿ ತೋಡಿದರೆ ಏಣಿ ಹಾಕುವವನ ಪಾಲಿಗೆ ಗೋಡೆ ನಲವತ್ತು ಅಡಿ. ಆನೆ ಹತ್ತಿರ ಬರುವಂತಿಲ್ಲ, ಫಿರಂಗಿ ಗಾಡಿ ದಾಟುವಂತಿಲ್ಲ, ಬುಡಕ್ಕೆ ಸುರಂಗ ತೋಡಿ ಮದ್ದಿಡುವುದೂ ಕಷ್ಟ. ಮಣ್ಣುಕೋಟೆಯವರಿಗೆ ಇನ್ನೊಂದು ಲಾಭ: ತೋಡಿದ ಮಣ್ಣನ್ನೇ ಒಳಮಗ್ಗುಲಿಗೆ ಎಸೆದು ತುಳಿದರೆ ಗೋಡೆಯೂ ಎದ್ದಿತು. ಒಂದೇ ಕೂಲಿಗೆ ಎರಡು ಕೆಲಸ. ಇಂದಿನ ನಮ್ಮ ಗುತ್ತಿಗೆದಾರರಾಗಿದ್ದರೆ ಎರಡು ಬಿಲ್ಲು ಬರೆಯುತ್ತಿದ್ದರು.

ಅಗಳು ದಾಟಿದರೆ ಮೊದಲು ಸಿಗುವುದು ಗಿಡ್ಡಗೋಡೆ, ಅದರ ಹಿಂದೆ ಎತ್ತರದ ದೊಡ್ಡಗೋಡೆ. ದೊಡ್ಡಗೋಡೆಯುದ್ದಕ್ಕೂ ಅಲ್ಲಲ್ಲಿ ದುಂಡನೆಯ ಕೊತ್ತಲಗಳು. ಗೋಡೆ ನೇರವಾಗಿದ್ದರೆ ಅದರ ಬುಡಕ್ಕೆ ಬಂದು ಅಂಟಿಕೊಂಡವನನ್ನು ಮೇಲಿನಿಂದ ನೋಡುವುದು ಕಷ್ಟ. ಮುಂದಕ್ಕೆ ಉಬ್ಬಿದ ಕೊತ್ತಲದಿಂದ ಎಡಬಲದ ಗೋಡೆಯ ಬುಡವೆಲ್ಲ ಗುಂಡಿನ ಸರದಿಗೆ ಬರುತ್ತದೆ. ಇವುಗಳಿಗಿಂತ ಎತ್ತರಕ್ಕೆ, ದೊಡ್ಡ ಫಿರಂಗಿ ಹೂಡಲೆಂದು ಐದು ಬತೇರಿಗಳು. ಬಾಗಿಲು ಎರಡೇ. ದಕ್ಷಿಣಕ್ಕೆ ಮೈಸೂರು ಬಾಗಿಲು, ಉತ್ತರಕ್ಕೆ ಪೇಟೆಯ ಎದುರಿಗೆ ಡೆಲ್ಲಿ ಬಾಗಿಲು.

ಆ ಡೆಲ್ಲಿ ಬಾಗಿಲ ಮುಂದೆ ಹತ್ತು ನಿಮಿಷ ನಿಲ್ಲಿ. ಬೀದಿಯ ಗದ್ದಲ ಬೆನ್ನಿಗಿರಲಿ. ಮರದ ಆ ಎತ್ತರದ ಕದ, ಅದರೊಳಗೆ ಒಬ್ಬರೇ ಬಗ್ಗಿ ನುಗ್ಗುವಂಥ ದಿಡ್ಡಿ ಬಾಗಿಲು. ಅದನ್ನು ದಾಟಿದರೆ ಕೋಟೆ ಸಿಕ್ಕಿತು ಎನ್ನುವಂತಿಲ್ಲ. ಇನ್ನೊಂದು ಅಂಗಳ, ಇನ್ನೊಂದು ಬಾಗಿಲು, ತಿರುವು. ಬಾಗಿಲ ಹಿಂದೆ ಬಾಗಿಲು ಇಟ್ಟದ್ದು ವೈಭವಕ್ಕಲ್ಲ. ನುಗ್ಗಿ ಬಂದವನು ತಿರುಗಲೇಬೇಕು, ತಿರುಗುವಾಗ ನಿಧಾನಿಸಲೇಬೇಕು, ನಿಧಾನಿಸಿದಾಗ ನಾಲ್ಕೂ ಕಡೆಯ ಗೋಡೆಯ ಮೇಲಿನವರ ಕೈಗೆ ಸಿಗಬೇಕು. ಇಷ್ಟು ಕ್ರೂರವಾದ ಲೆಕ್ಕಾಚಾರದ ನಡುವೆಯೂ ಕಮಾನಿನ ಮೇಲೆ ಗಾರೆಯಲ್ಲಿ ಹೂಬಳ್ಳಿ ತಿದ್ದಿದ್ದಾರೆ, ಒಳಗೊಬ್ಬ ಗಣಪನನ್ನು ಕೂರಿಸಿದ್ದಾರೆ. ಟಿಪ್ಪುವಿನ ಕೋಟೆಯಲ್ಲಿ ಗಣಪ ಹೇಗೆ ಎಂದು ಕೇಳುವವರು ನನಗೆ ಸಿಕ್ಕಿದ್ದಾರೆ. ಮೇಲಿನ ಖಾತೆ ವಿವರ ಇನ್ನೊಮ್ಮೆ ಓದಿ ಎನ್ನುತ್ತೇನೆ.

ಕೊನೆಗೂ ಈ ಲೆಕ್ಕಾಚಾರ ಸೋತಿತು. 1791ರ ಮಾರ್ಚ್ ಮೊದಲ ವಾರ ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೇನೆ ಬಂತು. 7ನೇ ತಾರೀಕು ಪೇಟೆಗೆ ಲಗ್ಗೆಯಿಟ್ಟರು. ಅವರ ಕಡೆ ಕರ್ನಲ್ ಮೂರ್‌ಹೌಸ್ ಸತ್ತ, ಪೇಟೆ ಬಿತ್ತು. ಕೋಟೆಗೆ ಕಂಟಕವಾದದ್ದು ಇದೇ. ಕಾಳು ಬೇಳೆ ಕೊಡುತ್ತಿದ್ದ ಪೇಟೆಯಿಂದಲೇ ಈಗ ಗುಂಡು ಬರತೊಡಗಿತು. ಎರಡು ವಾರ ಬಡಿದು ಡೆಲ್ಲಿ ಬಾಗಿಲ ಪಕ್ಕದಲ್ಲಿ ಗೋಡೆ ಬಿರಿಯುವಂತೆ ಮಾಡಿದರು. 21ರ ರಾತ್ರಿ ಹನ್ನೊಂದರ ಹೊತ್ತಿಗೆ, ಬೆಳದಿಂಗಳಲ್ಲಿ, ಏಣಿ ಹಾಕಿ ಹತ್ತಿದರು. ಟಿಪ್ಪುವಿನ ದಂಡು ಹತ್ತಿರದಲ್ಲೇ ಇದ್ದರೂ ಒದಗಲಿಲ್ಲ. ಕಿಲ್ಲೇದಾರ, ಅಂದರೆ ಕೋಟೆಯ ಮುಖ್ಯಾಧಿಕಾರಿ, ಬಹಾದೂರ್ ಖಾನ್ ಇಳಿವಯಸ್ಸಿನವನು, ಬಿರುಕಿನ ಬಾಯಲ್ಲಿ ನಿಂತು ಕಾದಾಡಿ ಅಲ್ಲೇ ಮಡಿದ. ಹೆಣವನ್ನು ಮರ್ಯಾದೆಯಿಂದ ಕಳಿಸಿಕೊಡುತ್ತೇವೆ ಎಂದು ಗೆದ್ದವರು ಹೇಳಿಕಳಿಸಿದಾಗ, ಬಿದ್ದಲ್ಲೇ ಮಣ್ಣು ಮಾಡುವುದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ ಎಂಬ ಅರ್ಥದ ಉತ್ತರ ಟಿಪ್ಪುವಿನಿಂದ ಬಂತಂತೆ.

ಗೋಡೆಯಲ್ಲಿ ಆ ಜಾಗಕ್ಕೆ ಒಂದು ಕಲ್ಲುಫಲಕ ಇದೆ. ಈ ಬಿರುಕಿನ ಮೂಲಕ ಬ್ರಿಟಿಷರ ಲಗ್ಗೆ ನಡೆಯಿತು, ಮಾರ್ಚ್ 21, 1791, ಎಂದಷ್ಟೇ ಅದರ ಮಾತು. ಹತ್ತಿದವರ ವಿಷಯ ಇದೆ, ಅಡ್ಡ ನಿಂತವರ ಹೆಸರಿಲ್ಲ. ಹಳೆಯ ಫಲಕ ತೆಗೆಯಬೇಡಿ, ಅದೂ ದಾಖಲೆಯೇ. ಅದರ ಪಕ್ಕಕ್ಕೆ ಕನ್ನಡದಲ್ಲಿ ಇನ್ನೊಂದು ಹಾಕಿ, ಕಿಲ್ಲೇದಾರನ ಹೆಸರು ಕೆತ್ತಿಸಿ. ಇದಕ್ಕೆ ಸಮಿತಿ ಬೇಕಾಗಿಲ್ಲ, ಒಬ್ಬ ಕಲ್ಲುಕುಟಿಗ ಸಾಕು.

ಕೋಟೆ ಯುದ್ಧದಲ್ಲಿ ಹಾಳಾಯಿತು ಎಂದುಕೊಂಡವರು ಬಹಳ. ಅರ್ಧ ಸತ್ಯ. ಇಂಗ್ಲಿಷರನ್ನು ತಡೆಯಲಾಗದ ಕೋಟೆ ಇದ್ದೇನು ಎಂದು ಟಿಪ್ಪುವೇ ಅದನ್ನು ಕೆಡವಿಸಿದ. 1800ರಲ್ಲಿ ಇಂಗ್ಲಿಷ್ ಕಂಪನಿಯ ಪರವಾಗಿ ಮೈಸೂರು ಸೀಮೆ ನೋಡಿ ಬರೆಯಲು ಹೊರಟ ಬುಕಾನನ್ ಇಲ್ಲಿಗೆ ಬಂದಾಗ ಪೂರ್ಣಯ್ಯನವರು ಅದನ್ನು ಮತ್ತೆ ಎಬ್ಬಿಸುವ ಕೆಲಸದಲ್ಲಿದ್ದರು. ಅಂದರೆ ಇಂಗ್ಲಿಷರ ಕಾಲಕ್ಕೆ ಕೋಟೆ ಮತ್ತೆ ನಿಂತಿತ್ತು. ಅರಮನೆಯಲ್ಲಿ ಸರ್ಕಾರದ ಕಚೇರಿ ಕೂತಿತು. ಅಠಾರಾ ಕಚೇರಿ, ಅಂದರೆ ಈಗಿನ ಹೈಕೋರ್ಟ್ ಕಟ್ಟಡ, ಎದ್ದ ಮೇಲೆ, 1868ರ ಹೊತ್ತಿಗೆ, ಅಲ್ಲಿಗೆ ಹೋಯಿತು. ಆಮೇಲೆ ಕೋಟೆ ಸತ್ತದ್ದು ಕಂತಿನಲ್ಲಿ. ರಸ್ತೆಗೆ ಇಷ್ಟು, ಆಸ್ಪತ್ರೆಗೆ ಇಷ್ಟು, ಶಾಲೆಗೆ ಇಷ್ಟು. 1897ರಲ್ಲಿ ವಿಕ್ಟೋರಿಯಾ ಆಸ್ಪತ್ರೆಗೆ ಮಹಾರಾಣಿಯವರು ಅಡಿಗಲ್ಲು ಹಾಕಿದರು, 1900ರಲ್ಲಿ ವೈಸರಾಯ್ ಕರ್ಜನ್ ಬಂದು ಬಾಗಿಲು ತೆರೆದ. 1935ರಲ್ಲಿ ವಾಣಿವಿಲಾಸ ಹೆರಿಗೆ ಆಸ್ಪತ್ರೆ ಬಂತು. ಅದಕ್ಕೆ ಜಾಗ ಬೇಕಾಗಿ ಕೋಟೆಯೊಳಗಿದ್ದ ಹಳೆಯ ಚರ್ಚು ಚಾಮರಾಜಪೇಟೆಗೆ ಹೋಗಿ ಸೇಂಟ್ ಲ್ಯೂಕ್ಸ್ ಆಯಿತು.

ಕೋಟೆಯೊಂದನ್ನು ಇಲ್ಲವಾಗಿಸಲು ಅಗಳಿಗಿಂತ ಅನುಕೂಲವಾದದ್ದು ಬೇರೆ ಇಲ್ಲ ನೋಡಿ. ಒಡೆದ ಗೋಡೆಯ ಮಣ್ಣು, ಜಲ್ಲಿ ಎಲ್ಲಿ ಹಾಕುವುದು ಎಂಬ ಚಿಂತೆಯೇ ಬೇಡ, ಪಕ್ಕದಲ್ಲೇ ಗುಂಡಿ ಕಾದಿರುತ್ತದೆ. ಗೋಡೆಯೂ ಹೋಯಿತು, ಗುಂಡಿಯೂ ಮುಚ್ಚಿತು, ಮೇಲೆ ರಸ್ತೆಗೆ ಸಮನಾದ ನೆಲ ಸಿಕ್ಕಿತು. ಅಗಳಿನಿಂದ ಎದ್ದದ್ದು ಅಗಳಿಗೇ ಇಳಿಯಿತು. ಆದರೆ ಅಳತೆ ಮಾಡುವವನಿಗೆ ಇದರಲ್ಲೊಂದು ಸಮಾಧಾನವೂ ಇದೆ: ಗೋಡೆ ಒಡೆದರೆ ಹೋಗುತ್ತದೆ, ಅಗಳು ಹೋಗುವುದಿಲ್ಲ. ತುಂಬಿದ ಮಣ್ಣಿನ ಬಣ್ಣ ಬೇರೆ, ಬಿಗುವು ಬೇರೆ. ಅಗೆದರೆ ಅಂಚು ಗೆರೆ ಕೊಯ್ದಂತೆ ಕಾಣುತ್ತದೆ. ಹೂಳಿದ ಕೆರೆಕಾಲುವೆಗಳನ್ನು ನಾವು ಹುಡುಕುತ್ತಿದ್ದದ್ದೇ ಹೀಗೆ. ಕೋಟೆಯ ಬಾಂದುಕಲ್ಲು ಕಿತ್ತಿರಬಹುದು, ಗಡಿ ನೆಲದಡಿ ಇದೆ.

ಅಳತೆ ಯಾಕೆ ಬೇಕು ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ಆ ಕಾಲದ ಬರಹ ಕೋಟೆಯ ಸುತ್ತಳತೆ ಸುಮಾರು ಒಂದು ಮೈಲಿ ಎನ್ನುತ್ತದೆ. ಈಗ ಎಲ್ಲರೂ ಹೇಳುವುದು, ಡೆಲ್ಲಿ ಬಾಗಿಲಿನಿಂದ ದಕ್ಷಿಣದ ಕಿಮ್ಸ್ ವೈದ್ಯಕೀಯ ಕಾಲೇಜಿನ ಆವರಣದವರೆಗೆ ಉದ್ದವೇ ಹೆಚ್ಚುಕಡಿಮೆ ಒಂದು ಕಿಲೋಮೀಟರು ಎಂದು. ಒಂದು ಮೈಲಿ ಎಂದರೆ 1.6 ಕಿಲೋಮೀಟರು. ಒಂದು ಕಿಲೋಮೀಟರು ಉದ್ದದ ಕೋಟೆಯನ್ನು, ಅಗಲವೇ ಇಲ್ಲ ಎಂದಿಟ್ಟುಕೊಂಡರೂ, ಸುತ್ತಿ ಬರಲು 2 ಕಿಲೋಮೀಟರು ಬೇಕು. ಎರಡೂ ಸರಿಯಾಗಿರಲು ಸಾಧ್ಯವಿಲ್ಲ. ನನ್ನ ಹತ್ತಿರ ಯಾವನಾದರೂ ಗ್ರಾಮ ಸಹಾಯಕ ಇಂಥ ಲೆಕ್ಕ ತಂದಿದ್ದರೆ ಕಾಗದ ಅವನ ಕೈಗೇ ವಾಪಸು ಕೊಡುತ್ತಿದ್ದೆ. ಇದೇ ಲೆಕ್ಕ ಇಟ್ಟುಕೊಂಡು ನಾವು ಪ್ರವಾಸಿಗರಿಗೆ ಇತಿಹಾಸ ಹೇಳುತ್ತಿದ್ದೇವೆ. ಒಂಬತ್ತು ಬಾಗಿಲ ಕೋಟೆ ಎಂದು ಹೇಳಿ ಈ ಎರಡು ಬಾಗಿಲ ಕೋಟೆಯನ್ನು ತೋರಿಸುವ ಮಾರ್ಗದರ್ಶಿಗಳೂ ಇದ್ದಾರೆ. ಆ ಲೆಕ್ಕ ಪೇಟೆಕೋಟೆಯದು.

ಈಗ ನನ್ನ ಕೋರಿಕೆ. 1791ರ ಮುತ್ತಿಗೆ ಮುಗಿದ ಕೂಡಲೇ ಇಂಗ್ಲಿಷರು ಬರೆದ ನಕ್ಷೆ ಇದೆ. ಕೋಟೆ, ಅಗಳು, ಪೇಟೆ ಎಲ್ಲ ಅದರಲ್ಲಿವೆ. ಅದನ್ನು ಇಂದಿನ ಡ್ರೋನ್ ಸರ್ವೆಯ ಮೇಲೆ ಕೂರಿಸಲು ಕದಲದ ಗುರುತು ಬೇಕು, ಅವೂ ನಮಗಿವೆ: ಡೆಲ್ಲಿ ಬಾಗಿಲು, ಟಿಪ್ಪು ಅರಮನೆ, ವೆಂಕಟರಮಣನ ಗುಡಿ. ಮೂರು ಬಿಂದು ಸಿಕ್ಕರೆ ನಕ್ಷೆ ಕೂರುತ್ತದೆ. ಇದು ಟ್ರೈನಿಂಗಿನ ಮೊದಲ ತಿಂಗಳ ಪಾಠ. ಗೆರೆ ಸಿಕ್ಕ ಮೇಲೆ ಅದನ್ನು ಕಡತದಲ್ಲಿ ಮಲಗಿಸಬೇಡಿ, ನೆಲದ ಮೇಲೆ ಹಾಸಿ. ಕೃಷ್ಣರಾಜೇಂದ್ರ ರಸ್ತೆಯನ್ನು ಗೋಡೆ ದಾಟುವಲ್ಲಿ, ಆಸ್ಪತ್ರೆಯ ಅಂಗಳದಲ್ಲಿ, ಕಲಾಸಿಪಾಳ್ಯದ ಕಡೆಯ ಪಾದಚಾರಿ ದಾರಿಯಲ್ಲಿ, ಗೋಡೆಗೆ ಒಂದು ಬಣ್ಣದ ಕಲ್ಲು, ಅಗಳಿಗೆ ಇನ್ನೊಂದು. ಮೈಸೂರು ಬಾಗಿಲು ಇದ್ದ ಕಡೆ ಕಾಲಡಿಗೆ ಎರಡು ಚಪ್ಪಡಿ.

ಇದು ಹುಚ್ಚು ಎನ್ನಿಸಿದರೆ ಪ್ಯಾರಿಸ್ಸಿನವರನ್ನು ಕೇಳಿ. 14ನೇ ಶತಮಾನದಲ್ಲಿ ಕಟ್ಟಿದ, ಎಂಟು ಗೋಪುರದ, ಸುತ್ತ ಅಗಳಿದ್ದ ಬಾಸ್ಟೀಲ್ ಕೋಟೆಯನ್ನು ಅವರು ಕೆಡವಲು ಶುರುಮಾಡಿದ್ದು 1789ರಲ್ಲಿ, ನಮ್ಮ ಕೋಟೆ ಬಿರಿಯುವುದಕ್ಕೆ ಎರಡೇ ವರ್ಷ ಮುಂಚೆ. ಈಗ ಅಲ್ಲಿ ವಾಹನಗಳ ಗಿಜಿಗಿಜಿ. ಆದರೆ ಕೋಟೆ ಇದ್ದ ಆಕಾರವನ್ನು ರಸ್ತೆಯಲ್ಲೇ ಬೇರೆ ಕಲ್ಲಿನ ಗೆರೆಯಾಗಿ ಹಾಸಿದ್ದಾರೆ. 1899ರಲ್ಲಿ ಮೆಟ್ರೊಗೆ ಅಗೆಯುವಾಗ ಸಿಕ್ಕಿದ ಗೋಪುರದ ತಳಪಾಯವನ್ನು ಎತ್ತಿ ಹತ್ತಿರದ ಪಾರ್ಕಿನಲ್ಲಿಟ್ಟರು. ಅಗಳಿನ ಗೋಡೆಯ ತುಣುಕನ್ನು ರೈಲು ಕಾಯುವವರು ಪ್ಲಾಟ್‌ಫಾರಂನಲ್ಲೇ ನೋಡಬಹುದು. ನಮ್ಮಲ್ಲೂ 2012ರಲ್ಲಿ ಮೆಟ್ರೊ ಅಗೆತದಲ್ಲಿ ಹಳೆಯ ಫಿರಂಗಿಗಳು ಎದ್ದುಬಂದವು. ಒಂದು ದಿನ ಪತ್ರಿಕೆಯಲ್ಲಿ ಫೋಟೊ ನೋಡಿದೆವು. 2017ರಲ್ಲಿ ಮಾರ್ಕೆಟ್ಟಿನ ಮೆಟ್ರೊ ನಿಲ್ದಾಣ ತೆರೆಯಿತು. ಫಿರಂಗಿ ಸಿಕ್ಕ ಊರಿನ ಆ ನಿಲ್ದಾಣದ ಒಂದು ಗೋಡೆಗೆ ಕೋಟೆಯ ನಕ್ಷೆ ಬಿಡಿಸಿದರೆ ಯಾರ ಗಂಟು ಹೋದೀತು?

ಇನ್ನೊಂದು ಬೇಡಿಕೆಗೆ ಈಗಿನ ಕಾನೂನು ಸಾಲದು. ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಕಟ್ಟಡ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಣ. ಸರಿ. ಆದರೆ ಈ ಅಳತೆ ಶುರುವಾಗುವುದು ಉಳಿದಿರುವ ತುಂಡಿನಿಂದ. ಹೂತಿರುವ ಅಗಳು ಅದರಾಚೆಗೂ ಹೋಗುತ್ತದೆ. ಅಲ್ಲಿ ಕೇಬಲ್ಲಿನವರು, ಒಳಚರಂಡಿಯವರು ಅಗೆದರೆ ಕೇಳುವವರಿಲ್ಲ. ನಾನು ನಿಷೇಧ ಕೇಳುತ್ತಿಲ್ಲ. ಗೆರೆಯ ಮೇಲೆ ಯಾರು ಗುಂಡಿ ತೆಗೆದರೂ ಒಬ್ಬ ಪುರಾತತ್ವದವರು ಬಂದು ನಿಂತು ನೋಡಿ, ಅಳೆದು, ಫೋಟೊ ತೆಗೆದು, ಆಮೇಲೆ ಮುಚ್ಚಲಿ. ಈ ಊರಿನಲ್ಲಿ ಗುಂಡಿಗೆ ಬರವಿಲ್ಲ. ಹತ್ತು ವರ್ಷದಲ್ಲಿ ಪುಕ್ಕಟೆ ಉತ್ಖನನವಾಗಿರುತ್ತದೆ.

ಈ ಪತ್ರಕ್ಕೆ ಮೊದಲು ಒಂದು ಕಚೇರಿಗೆ ಹೋಗಿ ಬಾಯಿಮಾತಿನಲ್ಲಿ ಕೇಳಿದ್ದೆ. ಸರ್ವೆ ನಂಬರು ಎಷ್ಟು ಎಂದರು. ಕೋಟೆಗೆ ನಂಬರಿಲ್ಲ ಎಂದೆ. ಮಾಲೀಕರು ಯಾರು ಎಂದರು. ಯಾರನ್ನು ಹೇಳಲಿ? ಅಲ್ಲಿ ಹೆತ್ತವರಿದ್ದಾರೆ, ಹುಟ್ಟಿದವರಿದ್ದಾರೆ, ಕೋಟೆ ಹೈಸ್ಕೂಲಿನ ಮೈದಾನದಲ್ಲಿ ರಾಮನವಮಿ ಸಂಗೀತ ಕಚೇರಿ ಕೇಳುತ್ತ ದಶಕಗಳಿಂದ ಕೂತವರಿದ್ದಾರೆ. ಚಪ್ಪಾಳೆ ತಟ್ಟಿದವರಲ್ಲಿ ಎಷ್ಟು ಜನಕ್ಕೆ ತಾವು ಕೂತ ನೆಲ ಕೋಟೆಯದು ಎಂದು ಗೊತ್ತಿತ್ತೋ. ಅರ್ಜಿದಾರರ ಕಾಲಂನಲ್ಲಿ ಸದ್ಯಕ್ಕೆ ನನ್ನೊಬ್ಬನನ್ನು ಬರೆದುಕೊಳ್ಳಿ. ಓದುವವರಲ್ಲಿ ಯಾರಿಗಾದರೂ ಮನಸ್ಸಿದ್ದರೆ ಕೆಳಗೆ ರುಜು ಹಾಕಲಿ.

ಅಳತೆಗೆ ಜನ ಸಾಲದು ಎಂಬ ಉತ್ತರ ಬೇಡ. ನನ್ನ ಮಂಡಿ ಇನ್ನೂ ಗಟ್ಟಿಯಿದೆ, 33 ಅಡಿಯ ಹಳೆಯ ಸರಪಳಿ ಅಟ್ಟದ ಮೇಲಿದೆ. ಬರುವುದಾದರೆ ಭಾನುವಾರ ಬೆಳಗಿನ ಜಾವ ಬನ್ನಿ. ಹೂವಿನ ಮಾರಾಟ ಇಳಿದು, ಬಸ್ಸಿನ ಸಂದಣಿ ಏರುವುದಕ್ಕೆ ಮುಂಚೆ ಡೆಲ್ಲಿ ಬಾಗಿಲ ಮುಂದೆ ಸುಮಾರು ಮುಕ್ಕಾಲು ಗಂಟೆ ಬಿಡುವು ಸಿಗುತ್ತದೆ. ಮೊದಲ ಗೂಟ ಅಲ್ಲೇ ಹೊಡೆಯೋಣ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಭೂಮಾಪಕ, ಚಾಮರಾಜಪೇಟೆ
(ಪಶ್ಚಿಮದ ಚಕ್ಕುಬಂದಿದಾರ)